ವಿಮಾನ ಕಂಪನಿಗಳ ಷೇರು: ಶಾರ್ಟ್ ಲೆಕ್ಕ ಓದುವುದು ಹೇಗೆ?

2023ರಲ್ಲಿ ಸೋಗಾನೆಯಿಂದ ವಿಮಾನ ಹಾರತೊಡಗಿದ ಮೇಲೆ ಶಿವಮೊಗ್ಗದಲ್ಲಿ ವಿಮಾನ ಕಂಪನಿಗಳ ಷೇರಿನ ಮಾತು ಜಾಸ್ತಿಯಾಗಿದೆ. ಅಡಿಕೆ ದುಡ್ಡು ಬಂದವರು ಅಮೆರಿಕದ ಷೇರಿಗೂ ಕೈ ಹಾಕುತ್ತಿದ್ದಾರೆ. ‘ಶಾರ್ಟ್ ಜಾಸ್ತಿ ಇದೆ, ಇನ್ನೇನು ಏರುತ್ತೆ’ ಎಂದು ನುಗ್ಗಿ ಕೈಸುಟ್ಟುಕೊಂಡವರನ್ನು ಕಂಡೇ ಇದನ್ನು ಬರೆಯುತ್ತಿದ್ದೇನೆ.

1. ಮೊದಲು ಅರ್ಥ. ಪಕ್ಕದ ತೋಟದವರಿಂದ ಒಂದು ಚೀಲ ಅಡಿಕೆ ಕಡ ತಂದು ಇವತ್ತೇ ಮಂಡಿಯಲ್ಲಿ ಮಾರುವುದು, ದರ ಇಳಿದಾಗ ಕೊಂಡು ವಾಪಸ್ ಕೊಡುವುದು. ಶಾರ್ಟ್ ಅಂದರೆ ಇದೇ. ಹೀಗೆ ಮಾರಿ ಇನ್ನೂ ವಾಪಸಾಗದ ಷೇರುಗಳ ಒಟ್ಟು ಸಂಖ್ಯೆಯೇ ಶಾರ್ಟ್ ಇಂಟರೆಸ್ಟ್. ದರ ಏರಿದರೆ ಶಾರ್ಟ್ ಮಾಡಿದವರು ನಷ್ಟಕ್ಕೆ ಹೆದರಿ ವಾಪಸ್ ಕೊಳ್ಳುತ್ತಾರೆ, ಅದರಿಂದ ದರ ಇನ್ನೂ ಏರುತ್ತದೆ ಎಂಬುದೇ ‘ಇನ್ನೇನು ಏರುತ್ತೆ’ ಎನ್ನುವವರ ಲೆಕ್ಕ.

2. ತಾರೀಖು ನೋಡಿ. ಅಮೆರಿಕದಲ್ಲಿ ಈ ಲೆಕ್ಕ ತೆಗೆಯುವುದು ತಿಂಗಳಿಗೆ ಎರಡೇ ಸಲ. ಪ್ರಕಟವಾಗಲು ಮತ್ತೆ ವಾರಕ್ಕೂ ಜಾಸ್ತಿ ಹಿಡಿಯುತ್ತದೆ. ‘ಲೈವ್’ ಎಂದು ತೋರಿಸುವ ಆ್ಯಪ್‌ಗಳದ್ದು ಬರೀ ಅಂದಾಜು. ಅದಕ್ಕೆ ದುಡ್ಡು ಕೊಡಬೇಡಿ.

3. ಎರಡು ಭಾಗಾಕಾರ ಮಾಡಿ. 6 ಕೋಟಿ ಷೇರು ಶಾರ್ಟ್ ಆಗಿದೆ, ಮಾರುಕಟ್ಟೆಯಲ್ಲಿ ಓಡಾಡುವ ಷೇರು 60 ಕೋಟಿ ಎಂದುಕೊಳ್ಳಿ. ಶೇ 10 ಆಯಿತು. ದಿನದ ಸರಾಸರಿ ವಹಿವಾಟು 3 ಕೋಟಿಯಾದರೆ ಎಲ್ಲ ಶಾರ್ಟ್ ತೀರಲು 2 ದಿನದ ವಹಿವಾಟು ಸಾಕು. ದೊಡ್ಡ ವಿಮಾನ ಕಂಪನಿಗಳಲ್ಲಿ ವಹಿವಾಟು ಜೋರು. ಹಾಗಾಗಿ ಶೇಕಡಾವಾರು ಒಂದನ್ನೇ ನೋಡಿ ಹೆದರುವುದೂ ಬೇಡ, ಹಿಗ್ಗುವುದೂ ಬೇಡ.

4. ಶಾರ್ಟ್ ಮಾಡಿದವರು ಯಾರು? ಎಲ್ಲರೂ ಎಡವುವುದು ಇಲ್ಲೇ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತಾಗ ಸೌತ್‌ವೆಸ್ಟ್, ಅಮೆರಿಕನ್ ಏರ್‌ಲೈನ್ಸ್ ಕಂಪನಿಗಳು ಕನ್ವರ್ಟಿಬಲ್ ಬಾಂಡ್ ಮಾರಿ ಹಣ ಎತ್ತಿದವು. ಇದು ಮುಂದೆ ಷೇರಾಗಿ ಬದಲಾಗಬಲ್ಲ ಸಾಲಪತ್ರ. ಇಂಥ ಬಾಂಡ್ ಕೊಂಡ ಫಂಡ್‌ಗಳು, ಷೇರು ಬಿದ್ದರೆ ಬಾಂಡ್‌ನಲ್ಲಿ ಆಗುವ ನಷ್ಟ ತುಂಬಿಕೊಳ್ಳಲು, ಅದೇ ಕಂಪನಿಯ ಷೇರನ್ನು ಶಾರ್ಟ್ ಮಾಡುತ್ತವೆ. ಕಂಪನಿ ಮುಳುಗುತ್ತದೆ ಎಂಬ ನಂಬಿಕೆ ಅವುಗಳಿಗೆ ಇರಲೇಬೇಕೆಂದಿಲ್ಲ. ದರ ಏರಿದರೆ ಗಾಬರಿಯಿಂದ ಕೊಳ್ಳುವುದೂ ಇಲ್ಲ. ಬಾಂಡ್‌ನ ಬೆಲೆಯೂ ಏರುತ್ತದಲ್ವಾ, ಸಾಮಾನ್ಯವಾಗಿ ಇನ್ನಷ್ಟು ಶಾರ್ಟ್ ಮಾಡುತ್ತವೆ. ಇನ್ನು ಕೆಲವರು ಒಂದು ವಿಮಾನ ಕಂಪನಿಯ ಷೇರು ಕೊಂಡು ಇನ್ನೊಂದರ ಷೇರನ್ನು ಶಾರ್ಟ್ ಮಾಡುತ್ತಾರೆ. ಇವೆಲ್ಲ ಒಂದೇ ಸಂಖ್ಯೆಯೊಳಗೆ ಸೇರಿಕೊಂಡಿರುತ್ತವೆ. ಅದಕ್ಕೇ ಕಂಪನಿಯ ತ್ರೈಮಾಸಿಕ ವರದಿಯಲ್ಲಿ ಸಾಲದ ಟಿಪ್ಪಣಿ ತೆರೆದು, ಕನ್ವರ್ಟಿಬಲ್ ಬಾಂಡ್ ಎಷ್ಟಿದೆ ಎಂದು ನೋಡಲೇಬೇಕು. ಟೆಲಿಗ್ರಾಂ ಟಿಪ್ಸ್ ನೋಡಿ ಈ ಹೆಜ್ಜೆ ಹಾರಿಸಬೇಡಿ.

5. ನಮ್ಮ ಇಂಡಿಗೋ ಷೇರಾದರೆ ಫ್ಯೂಚರ್ಸ್‌ನ ಓಪನ್ ಇಂಟರೆಸ್ಟ್ ನೋಡಿ. ಫ್ಯೂಚರ್ಸ್ ಅಂದರೆ ಮುಂದಿನ ತಾರೀಖಿನ ವ್ಯವಹಾರಕ್ಕೆ ಇವತ್ತೇ ದರ ಗೊತ್ತುಮಾಡುವ ಕಾಂಟ್ರಾಕ್ಟ್; ಇನ್ನೂ ತೀರದೆ ಉಳಿದ ಕಾಂಟ್ರಾಕ್ಟ್‌ಗಳ ಲೆಕ್ಕವೇ ಓಪನ್ ಇಂಟರೆಸ್ಟ್. ದರ ಇಳಿಯುತ್ತಾ ಅದು ಏರಿದರೆ ಹೊಸ ಶಾರ್ಟ್ ಬಂದಿರಬಹುದು. ‘ಬಹುದು’ ಅಷ್ಟೇ. ಪ್ರತಿ ಕಾಂಟ್ರಾಕ್ಟ್‌ನಲ್ಲೂ ಮಾರಿದವರಷ್ಟೇ ಕೊಂಡವರೂ ಇರುತ್ತಾರೆ.

ಓದುವುದು ಕಲಿತಿರೆಂದು ನೀವೇ ಶಾರ್ಟ್ ಮಾಡಲು ಹೋಗಬೇಡಿ. ಕೊಂಡ ಷೇರು ಸೊನ್ನೆಗಿಂತ ಕೆಳಗೆ ಇಳಿಯದು. ಶಾರ್ಟ್ ಮಾಡಿದ ಷೇರು ಏರುವುದಕ್ಕೆ ಮಿತಿಯಿಲ್ಲ, ನಷ್ಟಕ್ಕೂ ಇಲ್ಲ.