ಮಗು ಕೊಲೆ ಕೇಸಲ್ಲಿ ಮೂರು ಥಿಯರಿ ಇದ್ರೆ ತೂಗಿ ನೋಡೋದು ಹೇಗೆ?

2008ರಲ್ಲಿ ನೋಯ್ಡಾದ ಆರುಷಿ ಕೊಲೆ ಆದಾಗ ಇಲ್ಲಿ ಚಿಕ್ಕಮಗಳೂರಲ್ಲಿ ಐಜಿ ರೋಡಿನ ಹೋಟೆಲ್‌ಗಳಲ್ಲೂ ಅದೇ ಮಾತು, ಇವತ್ತಿಗೂ ಆ ಹೆಸರು ತೆಗೆದ್ರೆ ಸಾಕು ಒಬ್ರು ಅಪ್ಪ ಅಮ್ಮನೇ ಮಾಡಿದ್ದು ಅಂತಾರೆ, ಪಕ್ಕದವರು ಇಲ್ಲ ಇಲ್ಲ ಕೆಲಸದವರು ಅಂತಾರೆ, ಸ್ವಲ್ಪ ಕೆದಕಿ ಕೇಳಿದ್ರೆ ಇಬ್ರ ಹತ್ರನೂ ಇರೋದು ಅವತ್ತು ಟಿವಿಯಲ್ಲಿ ನೋಡಿದ ನೆನಪು ಮಾತ್ರ. ಹುಡುಗಿಗೆ ಇನ್ನೂ 13 ವರ್ಷ, ಹುಟ್ಟುಹಬ್ಬಕ್ಕೆ ಒಂದು ವಾರ ಬಾಕಿ ಇತ್ತು. ಅದೇ ರಾತ್ರಿ ಅದೇ ಮನೇಲಿ ಕೆಲಸಕ್ಕಿದ್ದ ಹೇಮರಾಜ್ ಅನ್ನೋ ನೇಪಾಳದ ಮನುಷ್ಯನೂ ಕೊಲೆಯಾದ. ಎರಡು ಜೀವ ಹೋಯ್ತು, ಯಾರು ತೆಗೆದ್ರು ಅನ್ನೋದು ಇವತ್ತಿಗೂ ಸಾಬೀತಾಗಿಲ್ಲ.

ಇಂಥ ಕೇಸನ್ನ ಮನೇಲಿ ಕೂತು ಓದೋದಕ್ಕೆ ಒಂದು ಕ್ರಮ ಇದೆ, ಒಂದು ದೊಡ್ಡ ಹಾಳೆ, ಒಂದು ಪೆನ್ನು, ತಾಳ್ಮೆ, ಇಷ್ಟು ಸಾಕು. ಕೊಲೆಗಾರನನ್ನ ಹಿಡಿಯೋಕೆ ಅಲ್ಲ, ಅದು ನಮ್ಮ ಕೈಲಾಗೋದೂ ಅಲ್ಲ ನಮ್ಮ ಕೆಲಸವೂ ಅಲ್ಲ. ಯಾರಾದ್ರೂ ಬಂದು "ಇವನೇ ಮಾಡಿದ್ದು" ಅಂದಾಗ ಆ ಮಾತಿಗೆ ಬೆನ್ನೆಲುಬು ಇದೆಯಾ ಇಲ್ವಾ ಅಂತ ನೋಡೋಕೆ. ಆರುಷಿ ಕೇಸನ್ನೇ ಉದಾಹರಣೆಗೆ ಇಟ್ಕೊಳ್ಳೋಣ.

ಹೆಜ್ಜೆ 1: ಮೊದಲು ತಾರೀಖು ಬರ್ಕೊಳ್ಳಿ

ಹಾಳೆಯ ಎಡಗಡೆ ಬರೀ ತಾರೀಖುಗಳು, ಅಭಿಪ್ರಾಯ ಒಂದೂ ಬೇಡ. 2008 ಮೇ 15ರ ರಾತ್ರಿ ಕಳೆದು 16ರ ಬೆಳಗ್ಗೆ ಆರುಷಿ ತನ್ನ ರೂಮಲ್ಲಿ ಸತ್ತು ಬಿದ್ದಿದ್ದು ಗೊತ್ತಾಯ್ತು. ಮೇ 17ಕ್ಕೆ ಅದೇ ಬಿಲ್ಡಿಂಗಿನ ಟೆರೇಸಲ್ಲಿ ಹೇಮರಾಜ್ ಶವ ಸಿಕ್ತು. ಮೇ 23ಕ್ಕೆ ತಂದೆಯ ಅರೆಸ್ಟು. ಜೂನ್ ಶುರುವಲ್ಲಿ ಕೇಸು ಸಿಬಿಐಗೆ ಹೋಯ್ತು, ತಂದೆಯ ಕ್ಲಿನಿಕ್ಕಿನ ಕಾಂಪೌಂಡರ್ ಮತ್ತೆ ಇನ್ನಿಬ್ರು ಕೆಲಸದವರು ಜೈಲಿಗೆ ಹೋದ್ರು, ಜುಲೈನಲ್ಲಿ ತಂದೆ ಹೊರಗೆ ಬಂದ್ರು, ಚಾರ್ಜ್‌ಶೀಟ್ ಹಾಕೋಕೆ ಆಗದೆ ಸೆಪ್ಟೆಂಬರ್ ಹೊತ್ತಿಗೆ ಆ ಮೂವರೂ ಹೊರಗೆ ಬಂದ್ರು. 2009ರಲ್ಲಿ ಸಿಬಿಐ ಟೀಮೇ ಬದಲಾಯ್ತು. 2010ರ ಡಿಸೆಂಬರಲ್ಲಿ ಆ ಎರಡನೇ ಟೀಮು ನಮಗೆ ತಂದೆ ಮೇಲೆ ಅನುಮಾನ ಇದೆ ಆದ್ರೆ ಸಾಕಷ್ಟು ಸಾಕ್ಷಿ ಇಲ್ಲ, ಕೇಸು ಮುಚ್ಚಿಬಿಡಿ ಅಂತ ರಿಪೋರ್ಟ್ ಕೊಡ್ತು. ಮುಚ್ಚಬೇಡಿ, ಇನ್ನೂ ತನಿಖೆ ಮಾಡಿ ಅಂತ ಕೋರ್ಟಿಗೆ ಹೋದವರು ಆ ತಂದೆ ತಾಯಿನೇ, ಕೋರ್ಟು ಅದೇ ರಿಪೋರ್ಟನ್ನ ಚಾರ್ಜ್‌ಶೀಟ್ ತರ ತಗೊಂಡು ಅವರಿಬ್ಬರ ಮೇಲೇನೇ ಕೇಸು ನಡೆಸಿತು. 2013ರ ನವೆಂಬರಲ್ಲಿ ಗಾಜಿಯಾಬಾದ್ ಕೋರ್ಟಲ್ಲಿ ಇಬ್ರಿಗೂ ಜೀವಾವಧಿ. 2017 ಅಕ್ಟೋಬರ್ 12ಕ್ಕೆ ಅಲಹಾಬಾದ್ ಹೈಕೋರ್ಟಲ್ಲಿ ಇಬ್ರೂ ಖುಲಾಸೆ.

ಇಷ್ಟು ಬರೆದು ಮುಗಿಸೋ ಹೊತ್ತಿಗೇ ಒಂದು ವಿಷಯ ಕಣ್ಣಿಗೆ ಬೀಳುತ್ತೆ, ಇರೋ ಸಾಕ್ಷಿ ಹೆಚ್ಚು ಕಮ್ಮಿ ಅದೇ, ಆದ್ರೆ ಟೀಮು ಬದಲಾದ ಹಾಗೆಲ್ಲ ಆರೋಪಿ ಬದಲಾಗಿದ್ದಾರೆ.

ಹೆಜ್ಜೆ 2: ಮೊದಲನೇ ಅನುಮಾನ ಯಾರ ಮೇಲೆ ಬಿತ್ತು, ಯಾಕೆ?

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಮೇ 16ರ ಬೆಳಗ್ಗೆ ಹೇಮರಾಜ್ ಕಾಣಿಸ್ಲಿಲ್ಲ, ಕಾಣಿಸ್ಲಿಲ್ಲ ಅಂದ್ರೆ ಓಡಿಹೋಗಿದಾನೆ, ಓಡಿಹೋಗಿದಾನೆ ಅಂದ್ರೆ ಅವನೇ ಕೊಂದಿದ್ದು, ನೇಪಾಳದವನು ಬೇರೆ. ತಂದೆ ಕೊಟ್ಟ ದೂರಲ್ಲೂ ಅವನ ಹೆಸರೇ ಇತ್ತು, ಪೊಲೀಸರೂ ಅದನ್ನೇ ಹಿಡ್ಕೊಂಡು ಅವನನ್ನ ಹುಡುಕೋಕೆ ಹೊರಟ್ರು. ಅವನು ಮಾತ್ರ ಅದೇ ಮನೆ ಮೇಲಿನ ಟೆರೇಸಲ್ಲಿ ಸತ್ತು ಬಿದ್ದಿದ್ದ.

ನಮ್ಮ ಜಿಲ್ಲೆಯವರಿಗೆ ಇದು ಬೇರೆ ಯಾರೂ ಹೇಳಿಕೊಡೋದು ಬೇಡ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ಎಸ್ಟೇಟುಗಳ ಲೈನ್ ಮನೆಗಳಲ್ಲಿ (ಕೂಲಿಯವರ ಸಾಲು ಮನೆಗಳು) ಈಗ ಅಸ್ಸಾಂ ಕಡೆಯಿಂದ ಬಂದವರು ಎಷ್ಟೋ ಜನ ಇದಾರೆ, ತೋಟದಲ್ಲಿ ಮೋಟರ್ ಕಳುವಾದ್ರೆ, ಕಣದಲ್ಲಿ ಒಣಗ್ತಿರೋ ಕಾಫಿ ಮೂಟೆ ಕಮ್ಮಿ ಆದ್ರೆ ಮೊದಲು ಬೆರಳು ಹೋಗೋದು ಲೈನ್ ಕಡೆಗೆ. ಪರಿಚಯದ ಎಸ್ಟೇಟ್ ರೈಟರೊಬ್ರ (ಹಾಜರಿ, ಲೆಕ್ಕ ಬರೆಯೋರು) ಹತ್ರ ಈ ಕೇಸಿನ ಬಗ್ಗೆ ಮಾತಾಡುವಾಗ ಅವರು, "ಅಲ್ರೀ, ನಮ್ಮಲ್ಲೂ ಅಷ್ಟೇ ಅಲ್ವಾ, ಯಾರು ಬೆಳಗ್ಗೆ ಹಾಜರಿಗೆ ಬರ್ಲಿಲ್ವೋ ಅವನೇ ಕಳ್ಳ, ಜ್ವರ ಬಂದು ಮಲಗಿದಾನಾ ಅಂತ ಲೈನಿಗೆ ಹೋಗಿ ನೋಡೋರು ಯಾರು" ಅಂದ್ರು. ನೋಯ್ಡಾದಲ್ಲೂ ಯಾರೂ ಟೆರೇಸಿಗೆ ಹೋಗಿ ನೋಡ್ಲಿಲ್ಲ, ಅಷ್ಟೇ.

ಹಾಗಾಗಿ ಹಾಳೆ ಮೇಲೆ ಬರೀರಿ: ಮೊದಲ ಶಂಕಿತ ಯಾರು, ಅವನ ವಿರುದ್ಧ ಮೊದಲ ದಿನ ಇದ್ದ ಸಾಕ್ಷಿ ಏನು. ಕಾಣಿಸ್ತಾ ಇಲ್ಲ ಅನ್ನೋದು ಬಿಟ್ಟು ಬೇರೇನೂ ಇಲ್ಲದಿದ್ರೆ ಅದನ್ನ ಸಾಕ್ಷಿ ಅನ್ನೋಕೆ ಆಗಲ್ಲ.

ಹೆಜ್ಜೆ 3: ಮೊದಲ ದಿನ ಏನೇನು ಕಳೆದುಹೋಯ್ತು ಅಂತ ಪಟ್ಟಿ ಮಾಡಿ

ಟೆರೇಸ್ ಬಾಗಿಲನ್ನ ಸ್ವಲ್ಪ ಹತ್ತಿರದಿಂದ ನೋಡಿ. ಬಾಗಿಲಿಗೆ ಬೀಗ ಹಾಕಿತ್ತು, ಬಾಗಿಲ ಹತ್ರ ರಕ್ತದ ಕಲೆ ಇತ್ತು, ಕೀ ಸಿಗ್ಲಿಲ್ಲ, ಆವತ್ತಿಗೆ ಅಲ್ಲಿಗೇ ಬಿಟ್ರು. ಉತ್ತರ ಭಾರತದ ಮೇ ತಿಂಗಳ ಬಿಸಿಲು. ಮರುದಿನ ಮನೆಗೆ ಬಂದಿದ್ದ ರಿಟೈರ್ಡ್ ಪೊಲೀಸ್ ಅಧಿಕಾರಿಯೊಬ್ರು ಆ ಕಲೆ ಗಮನಿಸಿದ ಮೇಲೆ ಬೀಗ ಒಡೆದ್ರು, ಒಳಗೆ ಹೇಮರಾಜ್ ಶವ ಕೂಲರಿನ ಒಂದು ಪ್ಯಾನಲ್ ಮುಚ್ಚಿಕೊಂಡು ಕೊಳೆಯೋಕೆ ಶುರುವಾಗಿತ್ತು, ಪಕ್ಕದ ಟೆರೇಸಿಂದ ಕಾಣಬಾರದು ಅನ್ನೋ ಹಾಗೆ ಗ್ರಿಲ್ ಮೇಲೆ ಒಂದು ಬೆಡ್‌ಶೀಟ್ ಹಾಕಿತ್ತು. ಸತ್ತ ಸಮಯ ನಿಖರವಾಗಿ ಹೇಳೋಕೆ ಆ ಒಂದೂವರೆ ದಿನದ ಬಿಸಿಲಿನಿಂದ ಎಷ್ಟು ಕಷ್ಟ ಆಗಿರಬೇಕು ಯೋಚನೆ ಮಾಡಿ. ಕೆಳಗೆ ಮನೆ ಒಳಗೂ ಅಷ್ಟೇ, ನೆಂಟರು, ಅಕ್ಕಪಕ್ಕದವರು, ಮೀಡಿಯಾದವರು ಎಲ್ಲ ಓಡಾಡಿಬಿಟ್ಟಿದ್ರು, ಬೆರಳಚ್ಚು ಎಲ್ಲ ಕಲಸಿಹೋಗಿತ್ತು.

ಈ ಪಟ್ಟಿ ಯಾಕೆ ಬೇಕು ಅಂದ್ರೆ, ಮುಂದೆ ಯಾರೇ ಬಂದು "ಅಲ್ಲಿ ಹೊರಗಿನವರ ಗುರುತೇ ಸಿಕ್ಕಿಲ್ಲ" ಅಂದ್ರೆ, ಇರ್ಲಿಲ್ಲ ಅದಕ್ಕೆ ಸಿಗ್ಲಿಲ್ವಾ, ಇತ್ತು ಅಳಿಸಿಹೋಯ್ತಾ ಅಂತ ವಾಪಸ್ ಕೇಳೋಕೆ ಬರುತ್ತೆ.

ಹೆಜ್ಜೆ 4: ಪ್ರತಿ ಥಿಯರಿನೂ ಒಂದೊಂದೇ ವಾಕ್ಯದಲ್ಲಿ ಬರೀರಿ

ಒಂದು, ಉತ್ತರ ಪ್ರದೇಶ ಪೊಲೀಸರದ್ದು: ಮಗಳನ್ನೂ ಹೇಮರಾಜನನ್ನೂ ಒಟ್ಟಿಗೆ ನೋಡಿ ತಂದೆ ಸಿಟ್ಟಲ್ಲಿ ಕೊಂದ್ರು. ಎರಡು, ಮೊದಲ ಸಿಬಿಐ ಟೀಮಿನದ್ದು: ರಾತ್ರಿ ಹೇಮರಾಜನ ರೂಮಿಗೆ ಬಂದಿದ್ದ ಕೆಲಸದವರು ಮಾಡಿದ್ದು. ಮೂರು, ಎರಡನೇ ಟೀಮಿನದ್ದು: ಮತ್ತೆ ತಂದೆ, ಸಾಕ್ಷಿ ಒರೆಸಿದ್ದು ತಂದೆ ತಾಯಿ ಇಬ್ರೂ.

ಒಂದೇ ವಾಕ್ಯ ಯಾಕೆ ಅಂದ್ರೆ ಬಣ್ಣದ ಮಾತುಗಳು ತಾವಾಗೇ ಉದುರಿಹೋಗುತ್ತೆ. ಇಲ್ಲಿ ಒಂದು ಮಾತು ಹೇಳಲೇಬೇಕು. 13 ವರ್ಷದ ಸತ್ತ ಹುಡುಗಿಯ ನಡತೆ ಬಗ್ಗೆ ಪೊಲೀಸ್ ಅಧಿಕಾರಿಗಳು ಪ್ರೆಸ್‌ಮೀಟಲ್ಲಿ ಮಾತಾಡಿದ್ರು, ಚಾನೆಲ್‌ಗಳು ಅದನ್ನೇ ವಾರಗಟ್ಟಲೆ ತಿರುಗಿಸಿ ತಿರುಗಿಸಿ ತೋರಿಸಿದ್ವು. ಇದನ್ನ ನೆನೆಸಿಕೊಂಡ್ರೆ ನನಗೆ ಈಗ್ಲೂ ಹೊಟ್ಟೆ ಉರಿಯುತ್ತೆ. ಆ ಮಗು ಎದ್ದು ಬಂದು ಇಲ್ಲ ಅನ್ನೋ ಹಾಗಿಲ್ಲ, ಹೇಮರಾಜನೂ ಅಷ್ಟೇ, ಊರಲ್ಲಿ ಅವನಿಗೂ ಸಂಸಾರ ಇತ್ತು. ಯಾವ ಥಿಯರಿ ನಿಲ್ಲಬೇಕಾದ್ರೆ ಸತ್ತವರ ಹೆಸರು ಕೆಡಿಸೋದು ಬೇಕಾಗುತ್ತೋ ಅದಕ್ಕೆ ಉಳಿದವಕ್ಕಿಂತ ಗಟ್ಟಿ ಸಾಕ್ಷಿ ಕೇಳಿ.

ಹೆಜ್ಜೆ 5: ಒಂದೊಂದೇ ಸಾಕ್ಷಿ ಎತ್ತಿ ಎಲ್ಲ ಥಿಯರಿಗೂ ಹಿಡಿದು ನೋಡಿ

ಕೆಲಸ ಜಾಸ್ತಿ ಇರೋದು ಇಲ್ಲೇ. ಹಾಳೆಯಲ್ಲಿ ಕಾಲಂ ಮಾಡ್ಕೊಳ್ಳಿ, ಎಡಕ್ಕೆ ಸಾಕ್ಷಿ, ಮಧ್ಯದಲ್ಲಿ "ಮನೆಯವರು", ಬಲಕ್ಕೆ "ಹೊರಗಿನವರು". ಪ್ರತಿ ಸಾಕ್ಷಿಗೂ ಕೇಳಬೇಕಾದ ಪ್ರಶ್ನೆ ಒಂದೇ: ಇದು ಈ ಥಿಯರಿಗೆ ಹೊಂದುತ್ತಾ ಅಂತಲ್ಲ, ಇದು ಈ ಥಿಯರಿಗೆ ಮಾತ್ರ ಹೊಂದುತ್ತಾ ಅಂತ.

ಡೈನಿಂಗ್ ಟೇಬಲ್ ಮೇಲೆ ಒಂದು ಸ್ಕಾಚ್ ಬಾಟ್ಲಿ ಇತ್ತು, ಅದರ ಮೇಲೆ ಆರುಷಿ ರಕ್ತನೂ ಇತ್ತು ಹೇಮರಾಜ್ ರಕ್ತನೂ ಇತ್ತು. ಕೇಳಿದ ತಕ್ಷಣ ಮೈ ಜುಮ್ ಅನ್ನುತ್ತೆ, ಕೊಲೆ ಮಾಡಿ ಬಂದು ಅಲ್ಲೇ ಕುಡಿದಿದಾರೆ ಅಂದ್ರೆ ಮನೆ ಯಜಮಾನನೇ ಅಂತ ಒಬ್ರು, ಕಂಡವರ ಮನೆ ಬಾಟ್ಲಿ ಎತ್ತಿ ಕುಡಿಯೋನು ಹೊರಗಿನವನೇ ಅಂತ ಇನ್ನೊಬ್ರು. ಎರಡೂ ಕಾಲಂಗೆ ಹೋಗುತ್ತೆ. ಅಂದ್ರೆ ಭಯಾನಕವಾದ ಸಾಕ್ಷಿ, ಆದ್ರೆ ಯಾರು ಅಂತ ಅದರಿಂದ ಗೊತ್ತಾಗಲ್ಲ.

ರೂಟರ್ ನೋಡಿ. ಆ ರಾತ್ರಿ ಇಂಟರ್ನೆಟ್ ರೂಟರ್ ಆನ್ ಆಫ್ ಆಗಿತ್ತು, ಅಂದ್ರೆ ಮನೇಲಿ ಯಾರೋ ಎದ್ದಿದ್ರು, ಮಲಗಿದ್ವಿ ಅನ್ನೋ ತಂದೆ ತಾಯಿ ಮಾತು ಸುಳ್ಳು ಅಂತ ಸಿಬಿಐ ವಾದ. ಆದ್ರೆ ಮರುದಿನ ಮನೆ ತುಂಬ ಪೊಲೀಸರು ಇದ್ದಾಗ್ಲೂ ಅದು ಅದೇ ತರ ಆನ್ ಆಫ್ ಆಗಿದೆ. ಹಾಗಾದ್ರೆ ಇದನ್ನ ಹಾಳೆಯಿಂದಾನೇ ತೆಗೆದುಬಿಡಿ.

ಇನ್ನು ಆಯುಧ. ಮೊದಲ ಟೀಮು ಖುಕ್ರಿ (ನೇಪಾಳದವರ ಬಾಗಿದ ಕತ್ತಿ) ಅಂತು, ಎರಡನೇ ಟೀಮು ಗಾಲ್ಫ್ ಆಡೋ ಕೋಲು ಮತ್ತೆ ಆಪರೇಷನ್ ಮಾಡೋ ಸಣ್ಣ ಚಾಕು ಅಂತು. ಗಾಯ ಅದೇ ಗಾಯ, ಪೋಸ್ಟ್‌ಮಾರ್ಟಂ ಒಂದೇ ಸಲ ಆಗಿದ್ದು. ಶಂಕಿತ ನೇಪಾಳದವನಾದಾಗ ಖುಕ್ರಿ, ಡಾಕ್ಟರಾದಾಗ ಆಪರೇಷನ್ ಚಾಕು (ತಂದೆ ತಾಯಿ ಇಬ್ರೂ ಹಲ್ಲಿನ ಡಾಕ್ಟರು). ಮೊದಲು ಮೈ ಹುಡುಕಿ ಆಮೇಲೆ ಅದಕ್ಕೆ ಅಂಗಿ ಹೊಲಿದ ಹಾಗೆ ಆಯ್ತು ಇದು. ಆ ಸಣ್ಣ ಚಾಕು ಕೊನೆಗೂ ಸಿಗ್ಲೇ ಇಲ್ಲ.

ಒಂದೇ ಕಡೆಗೆ ತೂಗೋ ಸಾಕ್ಷಿ ಇದೆಯಾ ಅಂದ್ರೆ ಎರಡು ನೋಡಬೇಕು. ಇಬ್ರ ಮೇಲೂ ಹಲ್ಲೆ ಆಗಿದ್ದು ಆರುಷಿ ರೂಮಲ್ಲೇ ಅಂತ ಸಿಬಿಐ ಹೇಳಿತ್ತು, ಆದ್ರೆ ಆ ರೂಮಲ್ಲಿ ಹೇಮರಾಜ್ ರಕ್ತ ಸಿಕ್ಕಿಲ್ಲ. ತಂದೆ ಕೊಂದಿದ್ದಕ್ಕೆ ಕಾರಣ ಅಂತ ಹೇಳಿದ್ದೆಲ್ಲ ನಿಂತಿರೋದು ಅವರಿಬ್ರು ಆ ರೂಮಲ್ಲಿ ಒಟ್ಟಿಗೆ ಇದ್ರು ಅನ್ನೋದರ ಮೇಲೆ, ಹಾಗಾಗಿ ಇದು ದೊಡ್ಡ ಹೊಡೆತ. ಇನ್ನೊಂದು ದಿಂಬಿನ ಕವರ್. ಕಾಂಪೌಂಡರ್ ರೂಮಲ್ಲಿ ಸಿಕ್ಕಿದ ಕವರ್ ಮೇಲೆ ಹೇಮರಾಜ್ ಡಿಎನ್‌ಎ ಇದೆ ಅಂತ ಹೈದರಾಬಾದಿನ ಲ್ಯಾಬ್ ರಿಪೋರ್ಟ್ 2008ರಲ್ಲೇ ಬಂದಿತ್ತು, ಅದು ಯಾರ ಕಣ್ಣಿಗೂ ಬೀಳದೆ ಕೂತಿತ್ತು, 2011ರಲ್ಲಿ ತಂದೆ ತಾಯಿ ಕಡೆಯವರು ಎತ್ತಿ ತೋರಿಸಿದ ಮೇಲೆ ಅದು ಟೈಪಿಂಗ್ ಮಿಸ್ಟೇಕು, ಎರಡು ಕವರಿನ ನಂಬರ್ ಅದಲು ಬದಲಾಗಿದೆ ಅಂತ ಲ್ಯಾಬಿನಿಂದ ಸ್ಪಷ್ಟನೆ ಬಂತು. ಒಂದು ಕೊಲೆ ಕೇಸಿನ ದಿಕ್ಕು ಬದಲಿಸೋ ಅಂಥ ಸಾಲು ಇದು. ಹಾಗಂತ ಅದನ್ನೇ ಹಿಡ್ಕೊಂಡು ಕಾಂಪೌಂಡರೇ ಕೊಲೆಗಾರ ಅನ್ನೋಕೂ ಆಗಲ್ಲ, ಆ ಮೂವರ ಮೇಲೆ ಚಾರ್ಜ್‌ಶೀಟೇ ಬಿದ್ದಿಲ್ಲ ಅನ್ನೋದನ್ನ ಪಕ್ಕದಲ್ಲೇ ಬರೀಬೇಕು.

ಹೆಜ್ಜೆ 6: ನಾರ್ಕೋ ವಿಡಿಯೋ ನೋಡಿ ತೀರ್ಮಾನ ಮಾಡಬೇಡಿ

ಕಾಂಪೌಂಡರ್‌ಗೆ ನಾರ್ಕೋ ಟೆಸ್ಟ್ ನಡೆದಿದ್ದು ನಮ್ಮ ಬೆಂಗಳೂರಲ್ಲೇ. ಔಷಧಿ ಕೊಟ್ಟು ಅರೆಪ್ರಜ್ಞೆಯಲ್ಲಿ ಇಟ್ಟು ಪ್ರಶ್ನೆ ಕೇಳ್ತಾರೆ, ಆ ಸ್ಥಿತೀಲಿ ಮನುಷ್ಯ ನಿಜ ಹೇಳ್ತಾನೋ ಕೇಳೋರು ಕೇಳಿಸ್ಕೋಬೇಕು ಅಂದಿದ್ದನ್ನ ಹೇಳ್ತಾನೋ ಗ್ಯಾರಂಟಿ ಇಲ್ಲ. 2010ರ ಮೇ 5ಕ್ಕೆ ಸೆಲ್ವಿ ವರ್ಸಸ್ ಕರ್ನಾಟಕ ರಾಜ್ಯ ಅನ್ನೋ ಕೇಸಲ್ಲಿ ಸುಪ್ರೀಂ ಕೋರ್ಟು, ಒಪ್ಪಿಗೆ ಇಲ್ಲದೆ ಯಾರಿಗೂ ನಾರ್ಕೋ, ಪಾಲಿಗ್ರಾಫ್ (ಸುಳ್ಳು ಪತ್ತೆ ಟೆಸ್ಟ್), ಬ್ರೈನ್ ಮ್ಯಾಪಿಂಗ್ ಮಾಡೋ ಹಾಗಿಲ್ಲ, ಒಪ್ಪಿ ಮಾಡಿಸ್ಕೊಂಡ್ರೂ ಅದರಲ್ಲಿ ಹೇಳಿದ ಮಾತು ಸಾಕ್ಷಿ ಆಗಲ್ಲ ಅಂತ ಹೇಳಿದೆ. ಹಾಗಾಗಿ ಇದಕ್ಕೆ ಹಾಳೆಯಲ್ಲಿ ಜಾಗ ಇಲ್ಲ.

ಹೆಜ್ಜೆ 7: ಕೋರ್ಟಿನ ಅಳತೆಗೋಲು ಯಾವುದು ಅಂತ ತಿಳ್ಕೊಳ್ಳಿ

ಕಣ್ಣಾರೆ ಕಂಡವರು ಇಲ್ಲದ ಕೇಸಲ್ಲಿ ಸಾಂದರ್ಭಿಕ ಸಾಕ್ಷಿ ಹೇಗೆ ತೂಗಬೇಕು ಅಂತ 1984ರಲ್ಲಿ ಶರದ್ ಬಿರ್ಧಿಚಂದ್ ಸಾರ್ಡಾ ಕೇಸಲ್ಲಿ ಸುಪ್ರೀಂ ಕೋರ್ಟ್ ಐದು ಸೂತ್ರ ಹಾಕಿಕೊಟ್ಟಿದೆ, ವಕೀಲರು ಅದನ್ನ ಪಂಚಶೀಲ ಅಂತಾನೇ ಕರೀತಾರೆ. ಅದರ ಸಾರ ಇಷ್ಟು: ಪ್ರತಿ ಕೊಂಡಿನೂ ಬೇರೆ ಬೇರೆಯಾಗಿ ಸಾಬೀತಾಗಬೇಕು, ಎಲ್ಲ ಸೇರಿ ಈ ಆರೋಪಿ ಬಿಟ್ಟು ಬೇರೆ ಯಾರೂ ಮಾಡಿರೋಕೆ ಸಾಧ್ಯ ಇಲ್ಲ ಅನ್ನೋ ಕಡೆಗೆ ಕೈ ತೋರಿಸಬೇಕು. ಮಾಡಿರಬಹುದು ಅನ್ನೋದು ಸಾಲಲ್ಲ.

ಆರುಷಿ ಕೇಸಲ್ಲಿ ಕೆಳಗಿನ ಕೋರ್ಟು ಸಾಕ್ಷ್ಯ ಕಾಯ್ದೆಯ ಸೆಕ್ಷನ್ 106 ಇಟ್ಕೊಂಡು, ಮನೇಲಿ ನಾಲ್ಕು ಜನ ಇದ್ರು, ಇಬ್ರು ಸತ್ರು, ಉಳಿದಿಬ್ರು ಏನಾಯ್ತು ಅಂತ ಹೇಳಬೇಕು ಅಂತು (ಈಗಿನ ಹೊಸ ಕಾಯ್ದೆಯಲ್ಲಿ ಅದು ಸೆಕ್ಷನ್ 109). ಕೇಳೋಕೆ ಸರಿ ಅನ್ಸುತ್ತೆ, ನಮ್ಮ ಹೋಟೆಲ್ ಮಾತುಗಳಲ್ಲೂ ಇದೇ ವಾದ ಗೆಲ್ಲೋದು. ಹೈಕೋರ್ಟು ಮೊದಲಿನ ಪ್ರಶ್ನೆಗೆ ಹೋಯ್ತು: ಆ ರಾತ್ರಿ ಹೊರಗಿನವರು ಯಾರೂ ಒಳಗೆ ಬಂದಿಲ್ಲ ಅಂತ ಸಾಬೀತು ಮಾಡಿದ್ದು ಯಾರು? ಅದು ಪ್ರಾಸಿಕ್ಯೂಷನ್ ಕೆಲಸ, ಅದನ್ನ ಮಾಡದೆ ಆರೋಪಿಗಳ ತಲೆ ಮೇಲೆ ಭಾರ ಹಾಕೋ ಹಾಗಿಲ್ಲ. ಅವತ್ತು ಬೆಳಗ್ಗೆ ಬೆಲ್ ಮಾಡಿದ ಮನೆಗೆಲಸದಾಕೆ ಹೊರಗಿನ ಬಾಗಿಲ ಬಗ್ಗೆ ಹೇಳೋ ಸಾಕ್ಷಿ ಮೇಲೆ ಪ್ರಾಸಿಕ್ಯೂಷನ್ ವಾದ ತುಂಬ ನಿಂತಿತ್ತು, ಆಕೆ ಕೋರ್ಟಲ್ಲಿ ನನಗೆ ಹೇಳಿಕೊಟ್ಟಿದ್ದನ್ನೇ ಹೇಳ್ತಿದ್ದೀನಿ ಅಂದುಬಿಟ್ಲು. ಬಡ ಹೆಂಗಸು, ಅವಳ ಮಾತಿನ ಮೇಲೆ ಇಬ್ಬರ ಜೀವಾವಧಿ, ಹೇಳಿಕೊಟ್ಟವರು ಯಾರು ಅಂತ ಯಾರೂ ಜವಾಬ್ದಾರಿ ಹೊರಲಿಲ್ಲ.

ಖುಲಾಸೆ ಅಂದ ತಕ್ಷಣ ಕೊಲೆ ಯಾರು ಮಾಡಿದ್ದು ಅಂತ ಗೊತ್ತಾಯ್ತು ಅಂತಲ್ಲ. ಅವರು ಮಾಡಿದಾರೆ ಅಂತ ಸಾಬೀತಾಗಿಲ್ಲ, ಹಾಗಾಗಿ ಕಾನೂನಿನ ಕಣ್ಣಲ್ಲಿ ನಿರಪರಾಧಿಗಳು, ಅವರನ್ನ ಕೊಲೆಗಾರರು ಅನ್ನೋ ಹಕ್ಕು ನಮಗಿಲ್ಲ. ಬಿಡುಗಡೆಯಾದ ಆ ಮೂವರು ಕೆಲಸದವರಿಗೂ ಇದೇ ಮಾತು ಅನ್ವಯಿಸುತ್ತೆ, ಆದ್ರೆ ಅವರ ಪರ ಅಷ್ಟು ಜೋರಾಗಿ ಮಾತಾಡೋರು ಕಮ್ಮಿ.

ಹೆಜ್ಜೆ 8: ಫಾರ್ವರ್ಡ್ ಒತ್ತೋ ಮೊದಲು

2018ರಲ್ಲಿ ಮಕ್ಕಳ ಕಳ್ಳರು ಬಂದಿದಾರೆ ಅನ್ನೋ ವಾಟ್ಸಾಪ್ ಮೆಸೇಜಿಂದ ಬೆಂಗಳೂರಲ್ಲೂ ಬೀದರ್ ಜಿಲ್ಲೇಲೂ ಏನೂ ತಪ್ಪು ಮಾಡದ ಮನುಷ್ಯರನ್ನ ಜನ ಹೊಡೆದು ಸಾಯಿಸಿದ್ರು. ಮಕ್ಕಳ ವಿಷಯ ಅಂದ್ರೆ ನಮಗೆ ರಕ್ತ ಬೇಗ ಬಿಸಿಯಾಗುತ್ತೆ, ಅದು ತಪ್ಪಲ್ಲ, ಆದ್ರೆ ಹೆಸರು ಫೋಟೋ ಹಾಕಿ "ಇವನೇ" ಅಂತ ಬಂದಿದ್ದನ್ನ ಹಾಳೆಯ ಕಾಲಂಗಳಿಗೆ ಹಾಕಿ ನೋಡದೆ ಕಳಿಸಬೇಡಿ. ಲೈಂಗಿಕ ದೌರ್ಜನ್ಯದ ಕೇಸಾದ್ರೆ ಮಗುವಿನ ಹೆಸರು, ಫೋಟೋ, ಸ್ಕೂಲು, ಗುರುತು ಸಿಗೋ ಯಾವುದನ್ನೂ ಹಾಕೋ ಹಾಗಿಲ್ಲ, ಪೋಕ್ಸೋ ಕಾಯ್ದೆಯ ಸೆಕ್ಷನ್ 23ರಲ್ಲಿ ಅದು ಅಪರಾಧ.

ಹಾಳೆ ಎಸೀಬೇಡಿ. ಹೈಕೋರ್ಟ್ ತೀರ್ಪಿನ ವಿರುದ್ಧ ಸಿಬಿಐ 2018ರಲ್ಲೇ ಸುಪ್ರೀಂ ಕೋರ್ಟಿಗೆ ಹೋಗಿದೆ. ಅಲ್ಲಿನ ತೀರ್ಪು ಓದುವಾಗ ಮೊದಲು ಮೂರು ವಿಷಯ ಹುಡುಕಿ: ಹೊರಗಿನವರು ಒಳಗೆ ಬಂದಿರಬಹುದಾ ಅನ್ನೋದಕ್ಕೆ ಕೋರ್ಟ್ ಏನು ಹೇಳಿದೆ, ದಿಂಬಿನ ಕವರಿನ ಬಗ್ಗೆ ಏನು ಹೇಳಿದೆ, ಹೇಮರಾಜ್ ಯಾವ ಜಾಗದಲ್ಲಿ ಸತ್ತ ಅಂತ ಏನು ಹೇಳಿದೆ. ಆಮೇಲೆ ನಿಮ್ಮ ಕಾಲಂಗಳನ್ನ ತಿದ್ದಿಕೊಳ್ಳಿ.