3000 ವ್ಯಾಟಿನ ಡಬ್ಬಿ, 20 ಆಂಪಿಯರ್ ಫ್ಯೂಸು

ಗಣೇಶ ಚೌತಿಗೆ ವಾರ ಇದ್ದಾಗ ಅಣ್ಣನ ಮಗ ಹುಬ್ಬಳ್ಳಿಯಿಂದ ಕಾರಿನ ಸ್ಪೀಕರಿಗೆ ಶಕ್ತಿ ಕೊಡುವ ಆಂಪ್ಲಿಫೈಯರ್ (ಆಂಪ್) ಒಂದು ತಂದ. "ಕಾಕಾ, 3000 ವ್ಯಾಟ್ ಐತ್ರಿ, ಭಾಳ ಸೋವಿ ಸಿಕ್ತು" ಎಂದು ಡಬ್ಬಿ ತೋರಿಸಿದ. ನಾನು ಡಬ್ಬಿ ಬಿಟ್ಟು ಆಂಪಿನ ಬದಿಗಿದ್ದ ಫ್ಯೂಸು ನೋಡಿದೆ. 20 ಆಂಪಿಯರ್, ಅದೂ ಒಂದೇ. ಮರುದಿನ ಧಾರವಾಡದಿಂದ ಹೊರಟವನು ಉಣಕಲ್ಲ ಮುಟ್ಟುವುದರೊಳಗೆ ಆಂಪ್ ಕಾದು ಬಂದ್ ಬಿತ್ತು.

ಹೀಗೆ ದುಡ್ಡು ಕಳೆದುಕೊಂಡವರು ನಮ್ಮ ಓಣಿಯಲ್ಲೇ ನಾಲ್ಕು ಮಂದಿ ಇದ್ದಾರೆ. ಅದಕ್ಕೇ ಕಾರಿನ ಸಬ್‌ವೂಫರಿಗೆ (ದಪ್ಪ ಸದ್ದಿನ ಸ್ಪೀಕರ್, ಚಿಕ್ಕದಾಗಿ ಸಬ್) ಆಂಪ್ ಆರಿಸುವ ಬಗ್ಗೆ ಈ ಬರಹ.

ಮೊದಲು ಸಬ್‌ವೂಫರ್ ಕೊಳ್ಳಿ, ಆಮೇಲೆ ಆಂಪ್. ಉಲ್ಟಾ ಮಾಡಬೇಡಿ.

ಎರಡನೆಯದು ವ್ಯಾಟ್. ಸಬ್‌ವೂಫರ್ ಮೇಲೆ ಎರಡು ಅಂಕಿ ಇರುತ್ತವೆ. ದಪ್ಪ ಅಕ್ಷರದ 'ಮ್ಯಾಕ್ಸ್' ಅಥವಾ 'ಪೀಕ್' ಮರೆತುಬಿಡಿ. ಸಣ್ಣಗೆ ಬರೆದ ಆರ್‌ಎಂಎಸ್ ನೋಡಿ, ತಡೆಯಿಲ್ಲದೆ ತಾಳುವ ಶಕ್ತಿ ಅದು. ಸಬ್ 250 ಆರ್‌ಎಂಎಸ್ ಇದ್ದರೆ ಆಂಪ್ ಕೂಡ 250ರ ಆಸುಪಾಸು ಕೊಡಬೇಕು. 300 ಇದ್ದರೂ ನಡೆಯುತ್ತದೆ, ಗೇನ್ (ಸ್ಟೀರಿಯೊದ ಸಿಗ್ನಲನ್ನು ಆಂಪ್ ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ತಿರುಗಣೆ) ಕಡಿಮೆ ಇಟ್ಟುಕೊಂಡರೆ ಆಯಿತು.

ಡಬ್ಬಿ ಸುಳ್ಳು ಹೇಳುತ್ತದೆಯೇ ಎಂದು ಫ್ಯೂಸಿನಿಂದ ತಿಳಿಯಬಹುದು. ಫ್ಯೂಸಿನ ಆಂಪಿಯರನ್ನು 13.8 ವೋಲ್ಟಿನಿಂದ (ಎಂಜಿನ್ ಓಡುವಾಗ ಸಿಗುವ ವೋಲ್ಟೇಜ್) ಗುಣಿಸಿ. ಕ್ಲಾಸ್ ಡಿ ಎಂಬ ಹೊಸ ಬಗೆಯ ಆಂಪ್ ಆದರೆ ಅದರ 80 ಪರ್ಸೆಂಟ್, ಹಳೆಯ ಬಗೆಯ ಕ್ಲಾಸ್ ಎಬಿ ಆದರೆ 60 ಪರ್ಸೆಂಟ್ ಹಿಡಿಯಿರಿ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ನಮ್ಮ ಹುಡುಗನದು ಎಬಿ. 20 ಗುಣಿಸು 13.8 ಅಂದರೆ 276, ಅದರ 60 ಪರ್ಸೆಂಟ್ ಸುಮಾರು 165 ವ್ಯಾಟ್. 3000 ಎಲ್ಲಿ, 165 ಎಲ್ಲಿ! ಲೆಕ್ಕ ಅಂದಾಜಿನದು ಅನ್ನಿ, ಆದರೆ ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲೇ ಮಾಡಬಹುದು.

ಸಬ್‌ಗೆ ನಾನಂತೂ ಕ್ಲಾಸ್ ಡಿ ಮೊನೊಬ್ಲಾಕ್ (ಒಂದೇ ಚಾನೆಲ್ಲಿನ, ಅಂದರೆ ಒಂದೇ ಔಟ್‌ಪುಟ್ಟಿನ ಆಂಪ್) ಬಿಟ್ಟು ಬೇರೆ ಹೇಳುವುದಿಲ್ಲ. ಬಿಸಿಯಾಗುವುದು ಕಡಿಮೆ, ಬ್ಯಾಟರಿ ಮೇಲೆ ಭಾರವೂ ಕಡಿಮೆ. ನಾಲ್ಕು ಚಾನೆಲ್ಲಿನ ಹೆಸರಿಲ್ಲದ ಆಂಪಿಗಿಂತ ಗೊತ್ತಿರುವ ಕಂಪನಿಯ ಸಣ್ಣ ಮೊನೊ ವಾಸಿ.

ಇನ್ನು ಓಮ್, ಅಂದರೆ ಕರೆಂಟಿಗೆ ಸಬ್ ಒಡ್ಡುವ ತಡೆ. ಎಲ್ಲರೂ ಎಡವುವುದು ಇಲ್ಲೇ. ಆಂಪಿಗೆ ಎಷ್ಟು ಕಡಿಮೆ ಓಮ್ ಕಟ್ಟುತ್ತೀರೋ ಅಷ್ಟು ಜಾಸ್ತಿ ಕರೆಂಟ್ ಹರಿಯುತ್ತದೆ. ಹಾಗಾಗಿ ಪ್ರತಿ ಆಂಪಿಗೂ 'ಕನಿಷ್ಠ ಇಷ್ಟು ಓಮ್' ಎಂಬ ಮಿತಿ ಇರುತ್ತದೆ. ಸಬ್‌ಗೆ ಒಂದೇ ಕಾಯಿಲ್ (ಒಳಗಿನ ತಂತಿ ಸುರುಳಿ) ಇದ್ದರೆ ತಲೆನೋವಿಲ್ಲ, 4 ಓಮ್ ಅಂದರೆ 4 ಓಮ್. ಎರಡು ಕಾಯಿಲ್ ಇದ್ದರೆ ಜೋಡಿಸುವುದರ ಮೇಲೆ ಓಮ್ ಬದಲಾಗುತ್ತದೆ. 4 ಓಮಿನ ಎರಡು ಕಾಯಿಲ್ ಒಂದರ ಹಿಂದೆ ಒಂದು ಕಟ್ಟಿದರೆ 8, ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಕಟ್ಟಿದರೆ 2. ಏನು ಮಾಡಿದರೂ 4 ಬರುವುದಿಲ್ಲ! 4 ಬೇಕೆಂದರೆ 2 ಓಮಿನ ಎರಡು ಕಾಯಿಲ್ ಇರುವ ಸಬ್ ತಂದು ಒಂದರ ಹಿಂದೆ ಒಂದು ಕಟ್ಟಬೇಕು.

ನಮ್ಮ ಹುಡುಗ ಮಾಡಿದ ತಪ್ಪು ಇದೇ. ಅವನದು ಎರಡು ಚಾನೆಲ್ಲಿನ ಆಂಪ್, ಬ್ರಿಜ್ ಮಾಡಿದಾಗ (ಎರಡೂ ಚಾನೆಲ್ ಸೇರಿಸಿ ಒಂದಾಗಿ ಕಟ್ಟಿದಾಗ) ಮಿತಿ 4 ಓಮ್. ಅವನು ಕಟ್ಟಿದ್ದು 2 ಓಮ್. ಹೆದರಿ 8 ಓಮಿಗೆ ಕಟ್ಟಿದರೂ ಉಪಯೋಗವಿಲ್ಲ, ಶಕ್ತಿ ಅರ್ಧಕ್ಕೆ ಇಳಿಯುತ್ತದೆ. 2 ಓಮಿಗೆ ನಿಲ್ಲುವ ಮೊನೊ ತಂದಿದ್ದರೆ ಮುಗಿದಿತ್ತು. ಆಂಪಿನ ವ್ಯಾಟನ್ನೂ ಅದೇ ಓಮಿನಲ್ಲಿ ಓದಬೇಕು: '300 ಆರ್‌ಎಂಎಸ್, 2 ಓಮಿಗೆ' ಎಂದಿದ್ದರೆ 4 ಓಮಿಗೆ ಸಿಗುವುದು ಹೆಚ್ಚುಕಡಿಮೆ ಅರ್ಧ. ಕಟ್ಟಿದ ಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. 4 ಓಮಿನ ಕಾಯಿಲ್ 3.5ರ ಹತ್ತಿರ ತೋರಿಸಿದರೆ ಗಾಬರಿ ಬೇಡ, ಅದು ಸರಿಯೇ.

ಕಂಪನಿ ಸ್ಟೀರಿಯೊ ತೆಗೆಯುವುದಿಲ್ಲವೇ? ಹಾಗಿದ್ದರೆ 'ಹೈ ಲೆವೆಲ್ ಇನ್‌ಪುಟ್' (ಸ್ಪೀಕರ್ ವೈರಿನಿಂದಲೇ ಸಿಗ್ನಲ್ ತೆಗೆದುಕೊಳ್ಳುವ ಜಾಗ) ಇರುವ ಆಂಪನ್ನೇ ಕೇಳಿ.

ವೈರಿಂಗ್ ಕಿಟ್‌ನಲ್ಲಿ ಉಳಿಸಲು ಹೋಗಬೇಡಿ. ತಾಮ್ರ ಎಂದು ಮಾರುವ ಕಿಟ್‌ನಲ್ಲಿ ಎಷ್ಟೋ ಸಲ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಇರುತ್ತದೆ. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು. ವೈರು ಎಲ್ಲೋ ಉಜ್ಜಿ ಕಾರಿನ ತಗಡಿಗೆ ತಾಗಿದರೆ ಬೆಂಕಿ ತಡೆಯುವುದು ಅದೊಂದೇ. ಅರ್ಥ್ ವೈರು ಗಿಡ್ಡ ಇರಲಿ, ಬಣ್ಣ ಕೆರೆದ ತಗಡಿಗೆ ಬಿಗಿಯಿರಿ.

ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸಬ್ ಬಿಚ್ಚಿ, ಸ್ಟೀರಿಯೊ ಮುಕ್ಕಾಲು ಏರಿಸಿ, 50 ಹರ್ಟ್ಸ್ ಟೋನ್ ಹಾಕಿ. ಆಂಪಿನ ಔಟ್‌ಪುಟ್‌ಗೆ ಮಲ್ಟಿಮೀಟರನ್ನು ಎಸಿ ವೋಲ್ಟಿನಲ್ಲಿ ಹಿಡಿಯಿರಿ. 4 ಓಮಿಗೆ 250 ವ್ಯಾಟ್ ಬೇಕಾದರೆ 31 ವೋಲ್ಟ್, 2 ಓಮಿಗಾದರೆ 22. ಅಲ್ಲಿಗೆ ಗೇನ್ ನಿಲ್ಲಿಸಿ. ಲೋ ಪಾಸ್ (ದಪ್ಪ ಸದ್ದನ್ನಷ್ಟೇ ಸಬ್‌ಗೆ ಬಿಡುವ ಫಿಲ್ಟರ್) 80 ಹರ್ಟ್ಸಿಗೆ ಇಡಿ.

ರಿಮೋಟ್ ವೈರನ್ನು (ಸ್ಟೀರಿಯೊ ಜೊತೆಗೇ ಆಂಪನ್ನು ಆನ್-ಆಫ್ ಮಾಡುವ ತಂತಿ) ಸ್ಟೀರಿಯೊದ ರಿಮೋಟ್ ತಂತಿಗೇ ಕೊಡಿ. ಸುಮ್ನೆ ಬ್ಯಾಟರಿಗೆ ಕೊಟ್ಟರೆ ಆಂಪ್ ರಾತ್ರಿಯಿಡೀ ಆನ್ ಇರುತ್ತದೆ, ಬೆಳಿಗ್ಗೆ ಕಾರು ದೂಡಲು ಓಣಿಯವರನ್ನು ಕೂಗಬೇಕಾಗುತ್ತದೆ.