ಎಷ್ಟಂಕಣದ ಮನೆ ಅಂತ ಮೊದಲು ಕೇಳಿದೆ

2009ರ ನೆರೆಯಲ್ಲಿ ನಮ್ಮೂರಿನಲ್ಲಿ ತೀರಿಕೊಂಡವರ ಹೆಸರುಗಳನ್ನು ಒಂದು ಕಡೆ ಬರೆದಿಡಬೇಕು ಅಂತ ಹೊರಟಾಗ ನನ್ನ ಕೈಯಲ್ಲಿ ಇದ್ದದ್ದು ಪರಿಹಾರ ಸಿಕ್ಕವರ ಪಟ್ಟಿ ಒಂದೇ. ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿ, ಮಲಪ್ರಭಾ ಹೊಳೆಯ ದಂಡೆಗಿದೆ. ನಾನು ಇಲ್ಲಿನ ಶಾಲೆಯ ಮಾಸ್ತರ. ಆ ಪಟ್ಟಿ ಚೆಕ್ ಕೊಡುವುದಕ್ಕೆ ಮಾಡಿದ್ದು. ಹೆಂಗಸರ ಮುಂದೆ ಇಂಥವರ ಹೆಂಡತಿ ಅಂತ ಇತ್ತು, ಮಕ್ಕಳ ಮುಂದೆ ವಯಸ್ಸು ಮಾತ್ರ. ನೆರೆಯಲ್ಲಿ ಮನೆ ಬಿದ್ದು ತಗಡಿನ ಶೆಡ್ಡಿಗೆ ಹೋದ ಮೇಲೆ ಒಂದೆರಡು ತಿಂಗಳಲ್ಲಿ ಹೋಗಿಬಿಟ್ಟ ಮುದುಕರು ಅದರಲ್ಲಿ ಇರಲೇ ಇಲ್ಲ. ಪಟ್ಟಿಯನ್ನು ಬದಿಗಿಟ್ಟು ಮನೆಮನೆಗೆ ಹೋಗಿ ಕೇಳುವುದೇ ಸರಿ ಅನಿಸಿತು.

ಆ ವರ್ಷದ್ದು ವಿಚಿತ್ರ ಮಳೆ. ಮುಂಗಾರು ಕೈಕೊಟ್ಟು, ಬರ ಬಂತು ಅಂತ ಎಲ್ಲರೂ ಮುಗಿಲು ನೋಡುತ್ತಿದ್ದರು. ಸೆಪ್ಟೆಂಬರ್ 28ಕ್ಕೆ ದಸರೆ. ಬನ್ನಿ ಕೊಟ್ಟು, ತಗೊಂಡು ಮುಗಿಸಿದ್ದೆವು. ಅದರ ಬೆನ್ನಿಗೇ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದಿಂದ ಮಳೆ ಹಿಡಿಯಿತು. ಅಕ್ಟೋಬರ್ 2ರ ಹೊತ್ತಿಗೆ ಕೃಷ್ಣಾ, ಭೀಮಾ, ತುಂಗಭದ್ರಾ, ಮಲಪ್ರಭಾ ಎಲ್ಲವೂ ತುಂಬಿ ಬಂದಿದ್ದವು. ಮಂತ್ರಾಲಯಕ್ಕೂ ನೀರು ನುಗ್ಗಿತ್ತು. ರಾಜ್ಯದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು.

ಹೊರಗಿನವರಿಗೆ ಒಂದು ಮಾತು ಬೇಗ ಹೊಳೆಯುವುದಿಲ್ಲ. ನೆರೆ ಅಂದರೆ ಹೊಳೆಯಲ್ಲಿ ಕೊಚ್ಚಿಕೊಂಡು ಹೋದರು ಅಂತ ತಿಳಿಯುತ್ತಾರೆ. ಆ ಸಲ ಸತ್ತವರಲ್ಲಿ ಬಹಳ ಜನ ಮನೆಯ ಒಳಗೇ ಸತ್ತರು. ನಮ್ಮ ಕಡೆಯದು ಮಾಳಿಗೆ ಮನೆ. ಕಂಬ, ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ದಪ್ಪಗೆ ಮಣ್ಣು. ಗೋಡೆಯೂ ಮಣ್ಣಿನದೇ. ಬಿಸಿಲಿಗೆ ಇಂಥ ತಂಪು ಮನೆ ಬೇರೆ ಇಲ್ಲ. ಆದರೆ ಬಿಡದೆ ಮಳೆ ಸುರಿದರೆ ಮೇಲಿನ ಮಣ್ಣು ನೀರು ಕುಡಿದು ಭಾರ ಆಗುತ್ತದೆ. ಕೆಳಗೆ ಗೋಡೆಯ ಬುಡ ಮೆತ್ತಗಾಗುತ್ತದೆ. ರಾತ್ರಿ ಹೊರಗೆ ಮಳೆ ಅಂತ ಎಲ್ಲರೂ ಒಳಗೇ ಮಲಗಿರುತ್ತಾರೆ. ಆಮೇಲಿನದು ಹೇಳಬೇಕಾಗಿಲ್ಲ.

ಇದು ಗೊತ್ತಿದ್ದದ್ದರಿಂದ ನಾನು ಯಾರ ಮನೆಗೆ ಹೋದರೂ ಸತ್ತವರ ಸುದ್ದಿ ಮೊದಲು ಎತ್ತುತ್ತಿರಲಿಲ್ಲ. ‘ನಿಮ್ಮ ಹಳೇ ಮನಿ ಎಷ್ಟಂಕಣದ್ದಿತ್ತು?’ ಅಂತ ಕೇಳುತ್ತಿದ್ದೆ. ಅಂಕಣ ಅಂದರೆ ಕಂಬಗಳ ನಡುವಿನ ಜಾಗ, ಮನೆಯ ಅಳತೆ ಅದರಲ್ಲೇ. ಸತ್ತವರ ಬಗ್ಗೆ ನೇರ ಕೇಳಿದರೆ ಜನ ‘ಆತು ಬಿಡ್ರಿ ಮಾಸ್ತರ, ದೈವ’ ಅಂದು ಚಹಾ ಕೊಟ್ಟು ಕಳಿಸುತ್ತಾರೆ. ಮನೆಯ ಬಗ್ಗೆ ಕೇಳಿದರೆ ಹಾಗಲ್ಲ. ಐದಂಕಣ, ತೊಲೆ ಸಾಗವಾನಿದು, ನಮ್ಮ ಅಜ್ಜ ಕಟ್ಟಿಸಿದ್ದು ಅಂತ ಶುರು ಮಾಡುತ್ತಾರೆ. ಎತ್ತು ಎಲ್ಲಿ ಕಟ್ಟುತ್ತಿದ್ದರು, ಜೋಳ ತುಂಬಿಡುವ ನೆಲದ ಹಗೇವು ಎಲ್ಲಿತ್ತು, ಅಡಿಗೆ ಮನೆ ಯಾವ ಕಡೆ ಅಂತ ಹೇಳುತ್ತಾ ಹೇಳುತ್ತಾ ಯಾರು ಎಲ್ಲಿ ಮಲಗುತ್ತಿದ್ದರು ಅನ್ನುವಲ್ಲಿಗೆ ತಾವೇ ಬರುತ್ತಾರೆ. ನಾನು ನೋಟ್‌ಬುಕ್ಕಿನಲ್ಲಿ ಮನೆಯ ನಕ್ಷೆ ಬಿಡಿಸುತ್ತಿದ್ದೆ. ‘ಬಾಗಿಲ ಅಲ್ಲಲ್ರಿ, ಇತ್ಲಾಗ’ ಅಂತ ತಿದ್ದುವುದಕ್ಕೆ ಮನೆಯವರೆಲ್ಲ ಸುತ್ತ ಸೇರುತ್ತಿದ್ದರು. ಮಾತಾಡದವರೂ ಮಾತಾಡಿದರು. ಫೋನಿನಲ್ಲಿ ರೆಕಾರ್ಡ್ ಮಾಡುವುದನ್ನು ನಾನು ಬೇಗ ಬಿಟ್ಟೆ. ಫೋನ್ ನಡುವೆ ಇಟ್ಟರೆ ಜನ ಅಧಿಕಾರಿಗೆ ಹೇಳಿದ ಹಾಗೆ ಹೇಳುತ್ತಾರೆ.

ಬೇರೆ ಊರಲ್ಲಿ ಯಾರಾದರೂ ಈ ಕೆಲಸಕ್ಕೆ ಕೈ ಹಾಕಿದರೆ ನಾನು ಹೇಳುವುದು ಇಷ್ಟೇ: ಗಂಡಸರು ಹೊಲಕ್ಕೆ ಹೋದ ಹೊತ್ತಲ್ಲಿ ಹೋಗಿ. ಗಂಡಸರು ಇದ್ದರೆ ಮಾತೆಲ್ಲ ಪರಿಹಾರದ ಮೇಲೇ ತಿರುಗುತ್ತದೆ, ಯಾರಿಗೆ ಎಷ್ಟು ಬಂತು, ಯಾರಿಗೆ ಬರಲಿಲ್ಲ ಅಂತ. ಆ ಸಿಟ್ಟು ಸುಳ್ಳಲ್ಲ. ಆದರೆ ಹೆಸರು ಹೇಳುವವರು ಹೆಂಗಸರು. ತೀರಿಕೊಂಡ ಹೆಂಗಸಿನ ತವರು ಯಾವುದು, ಊರವರು ಆಕೆಯನ್ನು ಏನಂತ ಕರೆಯುತ್ತಿದ್ದರು ಅಂತ ಓಣಿಯ ಹೆಂಗಸರಿಗೇ ಗೊತ್ತು. ಹೀಗೆ ಕೇಳಿದಾಗಲೇ ‘ಇಂಥವರ ಹೆಂಡತಿ’ ಅಂತಿದ್ದವರಿಗೆಲ್ಲ ಅವರವರ ಹೆಸರು ಸಿಕ್ಕಿತು. ಒಂದು ಕೂಸಿಗೆ ಮಾತ್ರ ಹೆಸರೇ ಇಟ್ಟಿರಲಿಲ್ಲ, ತೊಟ್ಟಿಲ ಕಾರ್ಯ ಇನ್ನೂ ಆಗಿರಲಿಲ್ಲ. ಈಗ ಒಂದು ಹೆಸರು ಇಡೋಣ ಅಂತ ಯಾರೋ ಅಂದರು. ತಾಯಿ ಬೇಡ ಅಂದಳು. ತಾಯಿಯ ಹೆಸರು ಬರೆದು ‘ಅವರ ಕೂಸು’ ಅಂತ ಸೇರಿಸಿದೆವು.

ಹೆಸರು ಬರೆಯುವ ಕ್ರಮಕ್ಕೆ ಪಂಚಾಯಿತಿ ಕಟ್ಟೆಯ ಮೇಲೆ ದೊಡ್ಡ ಜಗಳವೇ ಆಯಿತು. ಓಣಿ ಓಣಿ ಹಿಡಿದು ಬರೆಯಿರಿ, ಹುಡುಕಲು ಸಲೀಸು ಅಂದರು ಹಿರಿಯರು. ಸಲೀಸು ನಿಜ. ಆದರೆ ನಮ್ಮೂರಲ್ಲಿ ಓಣಿ ಅಂದರೆ ಜಾತಿ. ಗೌಡರ ಓಣಿ ಮೊದಲು, ಕೇರಿ ಕೊನೆಗೆ. ಸತ್ತ ಮೇಲೂ ಅದೇ ಸಾಲಿನಲ್ಲಿ ನಿಲ್ಲಬೇಕಾ? ಶಾಲೆಯ ಹಾಜರಿ ಪುಸ್ತಕದ ಹಾಗೆ ಅಕ್ಷರ ಕ್ರಮದಲ್ಲಿ ಇರಲಿ, ಅಡ್ಡಹೆಸರು ಹಿಂದೆ ಬರಲಿ ಅಂದೆ. ಮಾಸ್ತರನ ಚಾಳಿ ಅಂತ ನಕ್ಕರು, ಒಪ್ಪಿದರು. ಒಬ್ಬಿಬ್ಬರು ಈಗಲೂ ಒಪ್ಪಿಲ್ಲ, ಇರಲಿ.

ಇವರನ್ನು ಊರೆಲ್ಲ ಸೇರಿ ನೆನೆಯುವ ದಿನ ಯಾವುದು ಅನ್ನುವುದೂ ಒಂದು ಗೊಂದಲ. ನಾನು ಅಕ್ಟೋಬರ್ 2 ಅಂದಿದ್ದೆ. ಅವತ್ತು ಗಾಂಧಿ ಜಯಂತಿ, ನನಗೆ ಹೇಗೂ ಶಾಲೆಯಲ್ಲಿ ಕಾರ್ಯಕ್ರಮ. ಊರವರಿಗೆ ತಾರೀಖು ಲೆಕ್ಕವೇ ಅಲ್ಲ. ‘ಸೀಗಿ ಹುಣ್ಣಿಮಿ ಮುಂದ ಆಗಿದ್ದು’ ಅನ್ನುತ್ತಾರೆ. ಆ ಸಲ ಹುಣ್ಣಿಮೆಗೆ ಹೊಲಕ್ಕೆ ಹೋಗಿ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಚೆಲ್ಲಲು, ಹೊಲವೇ ಕಾಣುತ್ತಿರಲಿಲ್ಲ. ಇನ್ನು ಕೆಲವರು ಮಾನವಮಿ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವಾಗ ಇವರಿಗೂ ಇಡುತ್ತೇವೆ, ಬೇರೆ ದಿನ ಯಾಕೆ ಅಂದರು. ಅವರ ಮಾತೂ ಸರಿಯೇ. ಕೊನೆಗೆ ಮನೆಯ ಎಡೆ ಮನೆಯಲ್ಲಿ, ಊರಿನದು ಸೀಗಿ ಹುಣ್ಣಿಮೆಯ ಹಿಂದಿನ ಸಂಜೆ ಅಂತಾಯಿತು. ಭಾಷಣ ಇಲ್ಲ, ವೇದಿಕೆ ಇಲ್ಲ, ಅತಿಥಿಗಳಿಲ್ಲ. ಶಾಲೆಯ ಮಕ್ಕಳು ಹೆಸರು ಓದುತ್ತಾರೆ, ಆಮೇಲೆ ಎಲ್ಲರಿಗೂ ಊಟ. ಅತಿಥಿ ಬಂದರೆ ಶಾಲು, ಹಾರ ಅಂತ ಹೊತ್ತು ಹೋಗುತ್ತದೆ, ಹೆಸರು ಓದುವುದು ಹಿಂದೆ ಬೀಳುತ್ತದೆ.

ಕಲ್ಲು ಹಾಕಿಸೋಣ ಅಂತ ಯುವಕರಿಗೆ ಆಸೆ ಇತ್ತು. ನಾನೇ ತಡೆದೆ. ಕಲ್ಲಿನ ಮೇಲೆ ಒಂದು ಸಲ ಕೆತ್ತಿದರೆ ಮುಗಿಯಿತು, ಬಿಟ್ಟುಹೋದ ಹೆಸರು ಸೇರಿಸಲು ಜಾಗ ಇರುವುದಿಲ್ಲ. ದುಡಿಯಲು ಗೋವಾ, ಮಂಗಳೂರು ಅಂತ ಹೋಗಿ ಅಲ್ಲೇ ಉಳಿದ ಮನೆಗಳವರನ್ನು ನಾವು ಇನ್ನೂ ಪೂರ್ತಿ ಕೇಳಿರಲಿಲ್ಲ. ಅದಕ್ಕೇ ಗೋಡೆಗೆ ಸುಣ್ಣ ಬಳಿದು ಬಣ್ಣದಲ್ಲಿ ಬರೆಯುತ್ತೇವೆ, ಪ್ರತಿ ವರ್ಷ ಹೊಸದಾಗಿ. ಖರ್ಚೂ ಕಡಿಮೆ.

ಯಾವ ಗೋಡೆ ಅನ್ನುವುದು 2019ರಲ್ಲಿ ತಾನಾಗಿಯೇ ತೀರ್ಮಾನ ಆಯಿತು. 2009ರ ನಂತರ ಸರಕಾರ ಎತ್ತರದ ಜಾಗದಲ್ಲಿ ನೆರೆ ಸಂತ್ರಸ್ತರಿಗೆ ‘ಆಸರೆ’ ಯೋಜನೆಯ ಮನೆ ಕಟ್ಟಿಸಿಕೊಟ್ಟಿತ್ತು. ದನ ಕಟ್ಟಲು ಜಾಗ ಇಲ್ಲ, ಹೊಲ ದೂರ, ನೀರಿಲ್ಲ ಅಂತ ಅರ್ಧ ಊರು ಹಳೇ ಜಾಗದಲ್ಲೇ ಉಳಿದಿತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆಗೆ ಕಟ್ಟಿದ ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು, ಪಟ್ಟದಕಲ್ಲಿನ ಗುಡಿಗಳೂ ನೀರಲ್ಲಿ ನಿಂತವು. ಹಳೇ ಊರಿನವರು ಜೀವ ಉಳಿಸಿಕೊಂಡು ಖಾಲಿ ಬಿದ್ದಿದ್ದ ಆಸರೆ ಮನೆಗಳಿಗೆ ಓಡಿ ಬಂದರು. ಹೆಸರಿನ ಗೋಡೆ ಹೊಸ ಊರಲ್ಲಿ ಬೇಡ, ಹಳೇ ಊರಿನ ಗುಡಿಯ ಗೋಡೆಯೇ ಇರಲಿ ಅಂತ ಆಮೇಲೆ ಎಲ್ಲರೂ ಒಪ್ಪಿದರು. ಎರಡೂ ಸಲ ನೀರು ಬಂದ ಎತ್ತರಕ್ಕೆ ಅಲ್ಲಿ ಗೆರೆ ಎಳೆದಿದ್ದೇವೆ. ಹೆಸರುಗಳನ್ನು ಆ ಗೆರೆಗಳಿಗಿಂತ ಎತ್ತರದಲ್ಲಿ ಬರೆದಿದ್ದೇವೆ. ಮುಂದೆ ಹೊಳೆ ಬಂದರೂ ಅವು ಅಳಿಸಬಾರದು ಅಂತ ನಾವು ಅಂದುಕೊಂಡದ್ದು. ಬಣ್ಣ ಬಳಿಯುವ ಹುಡುಗನಿಗೆ ಇದರಿಂದ ಕಷ್ಟ ಜಾಸ್ತಿ ಆಯಿತು, ಏಣಿ ಬೇಕು ಅಂತ ಪ್ರತಿ ವರ್ಷ ಗೊಣಗುತ್ತಾನೆ.